ಒಂದೇ ತಿಂಗಳಲ್ಲಿ ಸೊರಗಿದ ಮಕ್ಕಳು

“ಕಾಲು ಹಿಡ್ಕೊಳಯ್ಯ, ಒದೀತಿದೆ.”

ಹಿಡಿದೆ. ತಕ್ಕಡಿಯ ಜೋಲಿಯಲ್ಲಿ ನೇತಾಡುತ್ತಿದ್ದ ಕೂಸು ನನ್ನ ಮೂಗಿಗೇ ಒಂದು ಕೊಟ್ಟು, ಸೂರು ಹಾರುವಂತೆ ಅತ್ತಿತು. ಮುಳ್ಳು ನಡುಗಿ ನಿಂತಿತು. ಮೇಡಂ ಮುಳ್ಳನ್ನು ನೋಡಿದರು. ಗೋಡೆಯ ಮೇಲೆ ಬರೆದಿದ್ದ ಹೋದ ತಿಂಗಳ ತೂಕವನ್ನು ನೋಡಿದರು.

“ಇದೂ ಇಳಿದಿದೆ.”

ಮುಂದಿನದೂ ಅತ್ತಿತು, ಅದೂ ಇಳಿದಿತ್ತು. ಗುಂಡ ಎಂದು ಎಲ್ಲರೂ ಕರೆಯುವ ಹುಡುಗ ಮಾತ್ರ ಜೋಲಿಯ ಅಂಚು ಚೀಪುತ್ತಾ ಅಲ್ಲೇ ಕಣ್ಣು ಮುಚ್ಚಿದ. ಅವನ ಅಜ್ಜಿ ಇಳಿಸಿಕೊಂಡರು. ಅವನ ತೂಕವೂ ಇಳಿದಿತ್ತು.

ಅದು ಗರ್ಭಿಣಿಯರಿಗೆ, ಬಾಣಂತಿಯರಿಗೆ, ಪುಟ್ಟ ಮಕ್ಕಳಿಗೆ ಆಹಾರ ಕೊಡುವ ಕೇಂದ್ರ. ಎಲ್ಲರಿಗೂ ಬಿಸಿ ಊಟ. ಗರ್ಭಿಣಿಯರಿಗೆ, ತೂಕ ಸಾಲದ ಮಕ್ಕಳಿಗೆ ಅದರ ಮೇಲೊಂದು ಹಿಟ್ಟಿನ ಪೊಟ್ಟಣ. ನಾನು ಇಲಾಖೆಯ ಜೀಪು ಓಡಿಸುವವನು. ಮೇಡಂ ಮೇಲ್ವಿಚಾರಕಿ, ಅವರಿಗೂ ದಿನ ತುಂಬುತ್ತಾ ಬಂದಿತ್ತು. ಜೀಪು ಗುಂಡಿಗೆ ಇಳಿದರೆ ಇಬ್ಬರ ಪರವಾಗಿಯೂ ನನ್ನನ್ನು ಬೈಯುತ್ತಿದ್ದರು.

ಮೇಡಂ ಫೋನಿನಲ್ಲಿ ತಿಳಿಸಿದ್ದೇ ತಡ, ಆಫೀಸಿನ ಸಾಹೇಬರ ತೀರ್ಪು ಬಂದೇಬಿಟ್ಟಿತು: ಅಡುಗೆಯಕ್ಕ ಮಕ್ಕಳ ಹಿಟ್ಟು ಕದಿಯುತ್ತಿದ್ದಾಳೆ, ಸಂಜೆಯೊಳಗೆ ಅವಳಿಂದ ಉಗ್ರಾಣದ ಬೀಗದ ಕೈ ಇಸ್ಕೊಳ್ಳಿ.

ಅಡುಗೆಯಕ್ಕ ಸೆರಗಿಗೆ ಕೈ ಒರೆಸಿಕೊಂಡಳು. “ಬೀಗದ ಕೈ ತಗೊಳ್ಳಿ ಮೇಡಂ. ಕಳ್ಳಿ ಅಂತ ಮಾತ್ರ ಅನ್ನಬೇಡಿ. ನಾಳೆ ಈ ಬೀದೀಲಿ ನಂಗೆ ಯಾರು ಕೆಲಸ ಕೊಡ್ತಾರೆ?”

“ಸಂಜೆಗೆ ಇನ್ನೂ ಹೊತ್ತಿದೆ. ಒಂದು ಪೊಟ್ಟಣ ತಾ.”

ಒಡೆಯದ ಒಂದು ಕಿಲೋ ಪೊಟ್ಟಣವನ್ನು ಜೋಲಿಗೆ ಹಾಕಿದರು. ಮುಳ್ಳು ಅರ್ಧ ಕಿಲೋಗೇ ನಿಂತಿತು.

“ಪೊಟ್ಟಣದಲ್ಲೇ ಮೋಸ,” ಎಂದೆ ನಾನು.

“ಎದುರು ಅಂಗಡೀಲಿ ತೂಗಿಸ್ಕೊಂಡು ಬಾ.”

ಓಡಿದೆ, ಬಂದೆ. ಅಲ್ಲಿ ಪೂರ್ತಿ ಒಂದು ಕಿಲೋ.

“ಅಂದ್ರೆ ತಕ್ಕಡಿ ಕೆಟ್ಟಿದೆ. ಆದ್ರೆ ಖಾಲಿ ಇದ್ದಾಗ ಸೊನ್ನೆ ತೋರಿಸುತ್ತಲ್ಲ?” ಎಂದೆ.

ಮೇಡಂ ಜೋಲಿಯನ್ನೇ ಕೊಕ್ಕೆಯಿಂದ ಬಿಚ್ಚಿದರು. ಮುಳ್ಳು ಅಲುಗಲಿಲ್ಲ.

“ಜೋಲಿಗೆ ತೂಕವೇ ಇಲ್ವೇನಯ್ಯ? ನೋಡು, ಸೊನ್ನೆ ಹತ್ರ ಒಂದು ಮೊಳೆ ಇದೆ. ಮುಳ್ಳು ಅದರಿಂದ ಹಿಂದಕ್ಕೆ ಹೋಗಲ್ಲ. ಈ ತಕ್ಕಡಿಗೆ ಸೊನ್ನೆ ಕೂರಿಸಿದ್ದು ಕಬ್ಬಿಣದ ಬಳೆ ಇದ್ದ ಹಳೇ ಜೋಲಿ ನೇತು ಹಾಕಿ. ಇದು ಹೂವಿನಷ್ಟು ಹಗುರ. ಕಮ್ಮಿಯಾದ ಆ ತೂಕವನ್ನ ಒಂದೊಂದು ಕೂಸೂ ತುಂಬಿಕೊಡ್ತಿದೆ. ಅಕ್ಕಾ, ಇದು ಎಲ್ಲಿಂದ ಬಂತು?”

“ಜೋಲಿ ಒಗೆಯೋದು ತಾಯಂದಿರೇ. ಹೋದ ಸಲ ಯಾರು ಒಯ್ದರೋ ನೋಡ್ಲಿಲ್ಲ. ಇವತ್ತು ಬೆಳಿಗ್ಗೆ ಇದು ಬಾಗಿಲ ಚಿಲಕದಲ್ಲಿ ನೇತಾಡ್ತಿತ್ತು. ಆಫೀಸಿಂದ ಬಂತು ಅಂದ್ಕೊಂಡೆ.”

“ಆಫೀಸಿಂದ ಇಷ್ಟು ಚೆಂದದ್ದು ಯಾವತ್ತು ಬಂದಿದೆ?”

ಜಗಲಿಯಲ್ಲಿ ಕೂತಿದ್ದ ತಾಯಂದಿರನ್ನು ಕೇಳಿದರೆ ಎಲ್ಲರೂ ಸೂರು ನೋಡಿದರು. ನಾನು ಮೇಡಂ ಕಿವಿಯಲ್ಲಿ ಪಿಸುಗುಟ್ಟಿದೆ — “ಆ ಮೂಲೇಲಿರೋಳು ದರ್ಜಿ.”

“ಇದು ಕೈಹೊಲಿಗೆ. ಮೆಷಿನ್ ಇಟ್ಟುಕೊಂಡೋಳು ಬೆರಳು ಚುಚ್ಚಿಕೊಳ್ತಾಳಾ?” ಮೇಡಂ ಸೊಂಟಕ್ಕೆ ಕೈಕೊಟ್ಟು ಕುರ್ಚಿಯಲ್ಲಿ ಕೂತರು. “ಬೆಳಿಗ್ಗೆಯಿಂದ ಒದೆ ತಿಂದಿದೀಯಲ್ಲ. ಒದೀದೆ ಇದ್ದೋನು ಯಾರು?”

ಮೂಗು ಸವರಿಕೊಂಡೆ. “ಗುಂಡ.”

“ಗುಂಡನೇ. ಗುರುತಿಲ್ಲದ ಬಟ್ಟೇಲಿ ನೇತು ಹಾಕಿದ್ರೆ ಯಾವ ಕೂಸಾದ್ರೂ ಅಳುತ್ತೆ. ಇವನು ಅಂಚು ಚೀಪಿ ನಿದ್ದೆ ಹೊಡೆದ. ಅಂದ್ರೆ ಅದು ಅವನದೇ ಬಟ್ಟೆ. ಅಜ್ಜಿ, ನಿಮ್ಮ ಮೊಮ್ಮಗ ದಿನಾ ಹೊದ್ದು ಮಲಗೋ ಹೊದಿಕೆ ಅಲ್ವಾ ಇದು?”

ಅಜ್ಜಿ ತಲೆ ತಗ್ಗಿಸಲಿಲ್ಲ. ಕೈಚೀಲದ ತಳದಿಂದ ಹಳೆಯ ಜೋಲಿಯನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಬಳೆ ಠಣ್ಣೆಂದಿತು.

“ತೂಕ ಮುಗಿದ ಮೇಲೆ ಬದಲಾಯಿಸೋಣ ಅಂತಿದ್ದೆ. ಇವನಿಗೆ ತೂಕ ಬಂದುಬಿಟ್ಟಿತ್ತು, ಪೊಟ್ಟಣ ನಿಂತು ಹೋಗ್ತಿತ್ತು. ಈ ಅಕ್ಕನ ತಲೆಗೆ ಬರುತ್ತೆ ಅಂತ ನಂಗೆ ಹೊಳೀಲಿಲ್ಲ.”

“ಪೊಟ್ಟಣ ತಿಂತಿದ್ದೋರು ಗುಂಡ ಅಲ್ಲ. ನಿಮ್ಮ ಸೊಸೆ.”

ಬಾಗಿಲಿಗೆ ಒರಗಿದ್ದ ಸೊಸೆ ಬೆಚ್ಚಿದಳು. ಅವಳ ಕೈ ಸೊಂಟದ ಹಿಂದಿತ್ತು — ಮೇಡಂ ಕೈ ಇದ್ದ ಜಾಗದಲ್ಲೇ.

“ಎಷ್ಟು ತಿಂಗಳಮ್ಮ?”

“ನಾಲ್ಕು,” ಎಂದಳು. “ಮೊದಲನೇದಕ್ಕೆ ಇನ್ನೂ ಹಲ್ಲೇ ಬಂದಿಲ್ಲ. ಜನ ನಗ್ತಾರೆ ಅಂತ ಹೇಳ್ಲಿಲ್ಲ.”

“ನಕ್ಕೋರು ಬಂದು ಹೆರ್ತಾರಾ? ಇವತ್ತೇ ಹೆಸರು ಬರೆಸು. ಪೊಟ್ಟಣ, ಊಟ, ಎರಡೂ ನಿನ್ನ ಹಕ್ಕು.”

ಜಗಲಿಯಲ್ಲಿ ನಗು ಎದ್ದಿತು. ಸೊಸೆಯೂ ನಕ್ಕಳು. ಮೇಡಂ ಸಾಹೇಬರಿಗೆ ಫೋನು ಹಚ್ಚಿ, ಬೀಗದ ಕೈ ಇರುವಲ್ಲೇ ಇರುತ್ತದೆ ಎಂದರು.

ಹಳೆಯ ಜೋಲಿಯಲ್ಲಿ ಮಕ್ಕಳನ್ನು ಮತ್ತೆ ತೂಗಿದೆವು. ಯಾರೂ ಸೊರಗಿರಲಿಲ್ಲ. ಈ ಸಲ ಗುಂಡನೂ ಅತ್ತ, ನನಗೆ ಒದ್ದ. ಮುಳ್ಳು ಪೊಟ್ಟಣ ನಿಲ್ಲುವ ಗೆರೆ ದಾಟಿ ದರ್ಪದಿಂದ ನಿಂತಿತು.

ಅಡುಗೆಯಕ್ಕ ಅವನಿಗಾಗಿ ಎತ್ತಿಟ್ಟಿದ್ದ ಪೊಟ್ಟಣವನ್ನು ತಂದು ಅಜ್ಜಿಯ ಮುಂದೆ ಹಿಡಿದಳು. “ಇದೊಂದು ತಿಂಗಳು ತಗೊಂಡು ಹೋಗಿ ಅಜ್ಜಿ. ಮೇಡಂ ಏನೂ ಅನ್ನಲ್ಲ.”

ಮೇಡಂ ಕಿಟಕಿಯ ಕಡೆ ತಿರುಗಿದರು.

ಅಜ್ಜಿ ಪೊಟ್ಟಣ ನೋಡಿದರು. ಮುಳ್ಳು ನಿಂತಿದ್ದ ಜಾಗ ನೋಡಿದರು. ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡರು.

“ಬೇಡ. ಅದು ಸೊರಗಿದ ಮಕ್ಕಳದ್ದು.”