ಡಾಂಬರಿನ ಅಂಚಿನಾಚೆ

ಕ್ರೆಶೊನನ್ನು ಮೊದಲ ಸಲ ಕಂಡಾಗ ಅವನು ನಮ್ಮ ಶಾಲೆಯ ಅಂಗಳದಲ್ಲಿ ಬೋರಲು ಬಿದ್ದಿದ್ದ. ಸತ್ತೇ ಹೋಗಿದ್ದಾನೆಂದು ಚೀರಿಬಿಟ್ಟೆ.

"ಮೆಲ್ಲಗೆ, ಡೈರೆಕ್ಟರಮ್ಮ," ಎಂದ, ತಲೆ ಎತ್ತದೆಯೇ. "ಇಲ್ಲೊಂದು ಮಲಗಿದೆ. ಎಬ್ಬಿಸ್ಬೇಡಿ."

ಮಲಗಿದ್ದದ್ದು ನೆಲಬಾಂಬು; ಅವನು ಅದನ್ನು ತೆಗೆಯಲು ಬಂದವನು. ಯುದ್ಧ ಮುಗಿದಿದ್ದರೂ ನಮ್ಮೂರು ಮೊಸ್ತಾರಿನಲ್ಲಿ ಯಾರೂ ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. ಅಂಜೂರ ಕೀಳಲು ಹೋದ ನನ್ನಪ್ಪ ತಿರುಗಿ ಬರಲಿಲ್ಲ. ಅಂದಿನಿಂದ ನನ್ನ ಓಡಾಟವೆಲ್ಲ ಡಾಂಬರಿನ ಮೇಲೆಯೇ.

ಯುದ್ಧದಲ್ಲಿ ಪರಸ್ಪರ ಕಾದಾಡಿದ ನದಿಯ ಎರಡೂ ದಡದವರ ಮಕ್ಕಳು, ಹೊರದೇಶದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಅಂತರರಾಷ್ಟ್ರೀಯ ಶಾಲೆ ಕಟ್ಟುತ್ತೇನೆಂದು ಹೊರಟಾಗ ಊರೇ ನಕ್ಕಿತ್ತು. ನಗಲಿ ಬಿಡಿ, ಕಟ್ಟಡ ಎದ್ದಿತು. ಆದರೆ ಊರಿನ ಮಕ್ಕಳು ಸೇರದಿದ್ದರೆ ನೆರವು ಕೊಟ್ಟವರು ಬಾಗಿಲು ಹಾಕಿಸುತ್ತಾರೆ. ಅಂಗಳದ ಭಯ ಹೋಗದೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ?

ಬೇಸಿಗೆಯಿಡೀ ಕ್ರೆಶೊ ಅಂಗೈಯಗಲದಷ್ಟೇ ನೆಲ ಕೆದಕುತ್ತಾ ಮುಂದೆ ಸರಿದ. ನಾನು ಡಾಂಬರಿನ ಅಂಚಿನಲ್ಲಿ ಕಾಫಿ ಹಿಡಿದು ನಿಲ್ಲುತ್ತಿದ್ದೆ. ಅವನು ಮುಖದ ಕವಚ ಮೇಲೆತ್ತಿ, ಹುಬ್ಬಿನ ಬೆವರೊರೆಸುತ್ತಾ ಓರೆಗಣ್ಣಿನಲ್ಲಿ ನೋಡುವನು.

"ಎರಡು ಹೆಜ್ಜೆ ಮುಂದೆ ಬಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನೀವೇ ಬನ್ನಿ. ಕಾಫಿ ಬೇಕಿರೋದು ಯಾರಿಗೆ?"

"ನಾನು ಕಾಫಿಗೆ ಬರ್ತೀನಿ ಅಂದ್ಕೊಂಡಿದ್ದೀರಾ?"

ನನ್ನ ಕಿವಿ ಬಿಸಿಯಾಗುತ್ತಿತ್ತು. ಅವನು ಮತ್ತೆ ನೆಲಕ್ಕೆ ಬಾಗಿದ ಮೇಲೆ, ಎಲ್ಲಾದರೂ ಬಾಗಿಲು ಬಡಿದರೂ ಎದೆ ಧಸಕ್ಕೆನ್ನುತ್ತಿತ್ತು. ಇಂಥ ಕೆಲಸದವನನ್ನು ಪ್ರೀತಿಸುವುದಕ್ಕಿಂತ ದೊಡ್ಡ ಹುಚ್ಚು ಇನ್ನೊಂದಿಲ್ಲ.

ಅಂಗಳ ಒಪ್ಪಿಸುವ ದಿನ ಬಂತು. ಬಾಂಬು ತೆಗೆದವರೇ ಮೊದಲು ಅಲ್ಲಿ ನಡೆದು ತೋರಿಸಬೇಕೆಂಬುದು ಅವರ ಪದ್ಧತಿ. ಊರವರು ಡಾಂಬರಿನ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದರು. ಕ್ರೆಶೊ ಜೇಬಿಗೆ ಕೈ ಹಾಕಿಕೊಂಡು, ಸಿಳ್ಳೆ ಹೊಡೆಯುತ್ತಾ ಆ ತುದಿ ಮುಟ್ಟಿ ಬಂದು ನಡುವೆ ನಿಂತ.

"ಸಂಬಳ ತಗೊಳ್ತಾನೆ, ನಡೀತಾನೆ," ಎಂದರು ಪಕ್ಕದ ಮನೆಯ ಝುಲ್ಫಾ ಅಕ್ಕ, ಪುಟ್ಟ ಮಗಳ ಕೈ ಬಿಗಿಹಿಡಿದು. "ಅದೂ ಆ ದಡದವನು! ನೀನು ನಡಿ ನೆರ್ಮಾ, ಆಮೇಲೆ ನನ್ನ ಮಗಳನ್ನ ಕಳಿಸ್ತೀನಿ."

ಎಲ್ಲರೂ ನನ್ನನ್ನೇ ನೋಡಿದರು. ಇನ್ನೇನು ಮಾಡಲಿ? ಒಂದು ಕಾಲು ಹುಲ್ಲಿನ ಮೇಲಿಟ್ಟೆ.

"ನಿಲ್ಲು!" ಕ್ರೆಶೊ ಅರಚಿದ.

"ನೋಡಿದ್ರಾ! ಇನ್ನೂ ಇದೆ ಅಲ್ಲಿ!" ಎಂದು ಝುಲ್ಫಾ ಅಕ್ಕ ಕೂಗಿದರು. ತಾಯಂದಿರು ಮಕ್ಕಳನ್ನು ಎಳೆದುಕೊಂಡು ಹೊರಟೇಬಿಟ್ಟರು. ನನ್ನ ಶಾಲೆಯೇ ಎದ್ದು ಹೋಗುತ್ತಿತ್ತು. ನಾನು ಇಟ್ಟ ಕಾಲು ಎತ್ತಲಾರದೆ ಕಲ್ಲಾಗಿದ್ದೆ.

"ಇಲ್ಲ! ಒಂದೂ ಇಲ್ಲ!" ಕ್ರೆಶೊನ ಮುಖ ಸುಣ್ಣದಂತೆ ಬಿಳಿಚಿತ್ತು.

"ಮತ್ಯಾಕೋ ನಿಲ್ಲು ಅಂದೆ?" ಎಂದರು ಝುಲ್ಫಾ ಅಕ್ಕ.

"ಈ ನೆಲ ನಾನೇ ತಡವಿ ತಡವಿ ನೋಡಿದೀನಿ ಅಕ್ಕ. ಆದ್ರೂ ಅವಳು ಕಾಲಿಟ್ಟಾಗ ಜೀವ ಬಾಯಿಗೆ ಬಂತು. ಪ್ರೀತಿಸ್ತೀನಿ ಅವಳನ್ನ. ಸಾಕಾ?"

ಹೊರಟವರು ನಿಂತರು. ಝುಲ್ಫಾ ಅಕ್ಕ ಅವನನ್ನು ದಿಟ್ಟಿಸಿದರು.

"ಹಾಗಿದ್ರೆ ಅವಳನ್ನ ಕರಿ. ಅಷ್ಟು ಪ್ರೀತಿ ಇಟ್ಕೊಂಡೂ ಕರೆದ್ರೆ, ನಂಬ್ತೀನಿ."

ಕ್ರೆಶೊ ನಮ್ಮ ನಡುವಿನ ನೆಲವನ್ನೆಲ್ಲ ಒಮ್ಮೆ ಕಣ್ಣಲ್ಲೇ ಸವರಿದ. ಕೈ ಚಾಚಿದ.

"ಬಾ, ನೆರ್ಮಾ."

ಹೋದೆ. ಪ್ರತಿ ಹೆಜ್ಜೆಗೂ ಅಪ್ಪ ನೆನಪಾದರು. ಕಣ್ಣು ಮಾತ್ರ ಕ್ರೆಶೊನ ಮುಖ ಬಿಟ್ಟು ಕದಲಲಿಲ್ಲ. ಅವನ ಅಂಗೈ ಕೈಗೆ ಸಿಕ್ಕಾಗ ಮಂಜಿನಂತೆ ತಣ್ಣಗಿತ್ತು.

"ನಾನೂ," ಎಂದೆ. ಅಷ್ಟೇ ಹೇಳಲಾಯಿತು.

ತಿರುಗಿ ನೋಡಿದರೆ ಝುಲ್ಫಾ ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಮಗಳ ಕೈ ಬಿಟ್ಟಿದ್ದರು. ಮಗು ಹುಲ್ಲಿಗೆ ಹಾರಿತು. ಅದು ನಮ್ಮತ್ತ ಓಡಿ ಬಂದು ಮುಟ್ಟುವವರೆಗೂ ನಾನೂ ಕ್ರೆಶೊನೂ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು, ಉಸಿರಾಡದೆ ನಿಂತಿದ್ದೆವು.