ಪೈನ್ ತೋಪಿನ ಜರೀಗಿಡಗಳನ್ನು ನೆಟ್ಟವನು

"ಇವೆಲ್ಲ ನಾನೇ ನೆಟ್ಟಿದ್ದು ಮೇಡಂ. ನಿಮ್ಗೋಸ್ಕರ."

ದಿನಕ್ಕೆ ನೂರು ಸುಳ್ಳು ಹೇಳುವವನು ನಾನು. ಆ ನೂರನ್ನೂ ಒಟ್ಟಿಗೆ ಕಟ್ಟಿದರೂ ಈ ಒಂದರಷ್ಟು ತೂಕ ಬರುತ್ತಿರಲಿಲ್ಲ.

ಶಶಿರೇಖ ತೆರೆದಿದ್ದ ನೋಟ್‌ಬುಕ್ ಮುಚ್ಚಿದಳು. ನನ್ನ ಮುಖವನ್ನೊಮ್ಮೆ, ಮೊಣಕಾಲೆತ್ತರ ಬೆಳೆದಿದ್ದ ಜರೀಗಿಡಗಳನ್ನೊಮ್ಮೆ ನೋಡಿದಳು. ಆಮೇಲೆ ಚಾಂಪಿಯನ್ ರೈಲ್ವೆ ಸ್ಟೇಷನ್ ದಾರಿ ಹಿಡಿದಳು.

ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಹಿಂದಿನ ಪೈನ್ ತೋಪಿನ ವಾಚರ್ ನಾನು, ಮುನಿರಾಜು. ಬೆಳಗಿನ ಜಾವ ಎಮ್ಮೆ ಕರೆದು, ಡೈರಿಗೆ ಹಾಲು ಹಾಕಿ, ಸೈಕಲ್ ತುಳಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ವಯಸ್ಸು ನಲವತ್ತೊಂದರಿಂದ ನಾನೂರಕ್ಕೆ ಏರಿರುತ್ತಿತ್ತು. ಆದರೂ ಪೊರಕೆ ಹಿಡಿದು ಇಡೀ ತೋಪನ್ನು ಅಂಗಳದಂತೆ ಗುಡಿಸುತ್ತಿದ್ದೆ. ಉದುರಿದ ಸೂಜಿ ಎಲೆಗಳನ್ನು ಗಣಿ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ನೀರೊಲೆಗೆ ಒಯ್ಯುತ್ತಿದ್ದರು. ನನ್ನ ತೋಪಿನ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದೆಂದು ಪಕ್ಕದ ಊರಿಗಾಂವರೆಗೂ ಸಾರಿದ್ದೆ.

ಶಶಿರೇಖ ಬಂಗಾರಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಅಪ್ಪ ಫ್ಯಾಕ್ಟರಿ ಕೆಲಸಕ್ಕೆಂದು ಕೆಜಿಎಫ್‌ಗೆ ಬಂದವರು, ಮನೆ ಇಲ್ಲೇ. ವಾರವಿಡೀ ಪಾಠ, ರೈಲಿನಲ್ಲಿ ನಿಂತೇ ಪ್ರಯಾಣ; ಶನಿವಾರ ನನ್ನ ತೋಪು. ಅಷ್ಟು ಸುಸ್ತಾದ ಮುಖ ಅಷ್ಟು ಚೆಂದ ಕಾಣುವುದು ಯಾವ ನ್ಯಾಯ? ಜಾರಿದ ಕನ್ನಡಕದ ಮೇಲಿಂದ ಅವಳು ಒಮ್ಮೆ ನೋಡಿದರೆ ನಾನು ಮೂರು ದಿನ ಊಟ ಬಿಡುತ್ತಿದ್ದೆ. ಎರಡನೇ ದಿನ ಸ್ವಲ್ಪ ತಿನ್ನುತ್ತಿದ್ದೆ, ಇರಲಿ.

ಈ ಒಣ ಸೀಮೆಯಲ್ಲಿ ನೆಟ್ಟ ಕಾಡಿನೊಳಗೆ ಜರೀಗಿಡ ಹೇಗೆ ಬಂತು ಎಂಬುದೇ ಅವಳ ಅಧ್ಯಯನ. ಗಣಿಯ ಹಳೇ ಬಾವಿಗಳ ಇಟ್ಟಿಗೆ ಗೋಡೆಯಲ್ಲಿ ಬೆಳೆದ ಜರೀಗಿಡಗಳಿಂದ ಧೂಳಿನಂಥ ಕಣಗಳು ಗಾಳಿಯಲ್ಲಿ ಬರುತ್ತವೆ ಅನ್ನುತ್ತಿದ್ದಳು. ನೆರಳು, ತೇವ ಸಿಕ್ಕರೆ ಉಗುರಿಗಿಂತ ಚಿಕ್ಕದಾದ ಹಸಿರು ಚೂರಾಗುತ್ತವೆ. ಅದನ್ನು ಒಮ್ಮೆ ಲೆನ್ಸ್‌ನಲ್ಲಿ ತೋರಿಸಿದ್ದಳು. ಥೇಟ್ ಹೃದಯದ ಆಕಾರ. ಅದರಿಂದಲೇ ಗಿಡ ಏಳುವುದಂತೆ. ನಾನು ಲೆನ್ಸ್ ನೋಡಿದ್ದಕ್ಕಿಂತ ಅದನ್ನು ಹಿಡಿದ ಬೆರಳು ನೋಡಿದ್ದೇ ಹೆಚ್ಚು.

ಆ ಸುಳ್ಳು ಹೇಳಿದ ಮೇಲೆ ಮೂರು ಶನಿವಾರ ಅವಳು ಬರಲಿಲ್ಲ. ಆ ಮೂರು ವಾರದಲ್ಲಿ ನನ್ನ ಎಮ್ಮೆಗಳೂ ಬಡಕಲಾದವು.

ನಾಲ್ಕನೇ ಶುಕ್ರವಾರ ಸಂಜೆ ಹುಡುಕಿಕೊಂಡು ಹೋದೆ, ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಳು. ಬೆಂಚಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಬ್ಯಾಗು. ತನ್ನ ಪ್ರಬಂಧ ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ಸೋಮವಾರ ಎಲ್ಲರೆದುರು ಓದಬೇಕಿತ್ತಂತೆ. ಯಾರೋ ನೆಟ್ಟ ಗಿಡಗಳು ತಾವಾಗಿ ಬಂದವೆಂದು ಹೇಗೆ ಓದಲಿ, ಎರಡು ವರ್ಷ ಹೋಯಿತು ಎಂದಳು. ಸಿಟ್ಟಿರಲಿಲ್ಲ. ಸಿಟ್ಟಾಗಲೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಜನ್ಮದಲ್ಲಿ ಹೇಳದ ಮಾತನ್ನು ಆಗ ಹೇಳಿದೆ.

"ನಾನು ಏನೂ ಮಾಡ್ಲಿಲ್ಲ ಮೇಡಂ. ಸೊಂಟ ಇಡ್ಕೊಂಡು ಒಂದು ಮಳೆಗಾಲ ಪೂರ್ತಿ ಮನೇಲಿ ಬಿದ್ದಿದ್ದೆ. ಪೊರಕೆ ಮುಟ್ಲಿಲ್ಲ. ಎದ್ದು ಬಂದು ನೋಡಿದ್ರೆ ಅವೇ ಬಂದಿದ್ವು. ಆಮೇಲೆ ಅಲ್ಲಿ ಗುಡಿಸ್ಲೇ ಇಲ್ಲ."

ಅವಳು ತಲೆಯೆತ್ತಿದಳು. "ಅದಕ್ಕೂ ಮೊದಲು ಎಷ್ಟು ವರ್ಷ ಗುಡಿಸಿದಿರಿ?"

"ಅನ್ನೊಂದು."

"ಹನ್ನೊಂದು ವರ್ಷ ಅವು ಬರ್ತಾನೇ ಇದ್ವು ಮುನಿರಾಜು. ನೀವು ಗುಡಿಸ್ತಾನೇ ಇದ್ರಿ."

ನಕ್ಕಳೋ, ನಿಟ್ಟುಸಿರಿಟ್ಟಳೋ ತಿಳಿಯಲಿಲ್ಲ. ಯಾಕೆ ಸುಳ್ಳು ಹೇಳಿದಿರಿ ಎಂದು ಮೆಲ್ಲಗೆ ಕೇಳಿದಳು.

"ನಿಮ್ಗೆ ಏನಾದ್ರೂ ಕೊಡ್ಬೇಕು ಅನ್ನಿಸ್ತು. ನನ್ನತ್ರ ಇನ್ನೇನೂ ಇರ್ಲಿಲ್ಲ."

ಅವಳು ನೋಟ್‌ಬುಕ್ ತೆರೆದು ಎರಡು ಸಾಲು ಬರೆದಳು: ಪೊರಕೆ ನಿಂತ ತಿಂಗಳು, ಮಳೆಯ ತಿಂಗಳು. ಸೋಮವಾರ ಓದುತ್ತೇನೆ ಎಂದಳು. ಬ್ಯಾಗನ್ನು ಕೆಳಗಿಟ್ಟು ಪಕ್ಕದಲ್ಲಿ ಜಾಗ ಮಾಡಿದಳು.

"ಕೂತ್ಕೊಳ್ಳಿ. ಸ್ವಲ್ಪ ಹೊತ್ತು ಏನೂ ಹೇಳಬೇಡಿ."

ನಾವು ಹತ್ತಬೇಕಿದ್ದ ಮಾರಿಕುಪ್ಪಂ ರೈಲು ಬಂತು. ಅಷ್ಟರಲ್ಲಿ ಅವಳ ತಲೆ ನನ್ನ ಭುಜಕ್ಕೆ ವಾಲಿತ್ತು, ಉಸಿರು ನಿದ್ದೆಯ ಲಯಕ್ಕೆ ಇಳಿದಿತ್ತು. ರೈಲು ಹೋಯಿತು. ನಾನು ಭುಜ ಅಲ್ಲಾಡಿಸಲಿಲ್ಲ.