ಮೀಟರಮ್ಮ, ಎಲ್ಲ ಸರಿನಾ?

ನಮ್ಮ ಮೊದಲ ಭೇಟಿಯೇ ಜಗಳ.

ನೆಲದಡಿಯ ರೈಲು ನಿಲ್ದಾಣಕ್ಕಾಗಿ ಹೆರಿಗೆ ಆಸ್ಪತ್ರೆಯ ಪಕ್ಕದಲ್ಲೇ ಬಂಡೆ ಒಡೆಯುತ್ತಿದ್ದರು. ಒಂದೊಂದು ಸ್ಫೋಟಕ್ಕೂ ಕಟ್ಟಡ ಎಷ್ಟು ನಡುಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ವಾರ್ಡಿನ ಕೆಳಗಿನ ಸ್ಟೋರ್ ರೂಮಿನಲ್ಲಿ ನಾನು, ನನ್ನ ಮೀಟರ್, ನೆಲಕ್ಕೆ ಅಂಟಿಸಿದ ಅದರ ಸೆನ್ಸರ್.

ಅಂದು ಸ್ಫೋಟದ ಸೈರನ್ ಕೂಗದೆಯೇ, ನಡುಕ ಮಿತಿ ದಾಟಿದೆ ಎಂದು ಮೀಟರಿನ ಕೆಂಪು ದೀಪ ಹೊತ್ತಿಕೊಂಡಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮದ್ದು ಸಿಡಿಸುವ ಬ್ಲಾಸ್ಟರ್‌ಗೆ ಫೋನ್ ಹಚ್ಚಿದೆ.

"ಸೈರನ್ ಇಲ್ದೆ ಸಿಡಿಸ್ತೀರಲ್ಲ, ತಲೆ ನೆಟ್ಟಗಿದೆಯಾ?"

"ಸಿಡಿಸಿಲ್ಲ ಮೇಡಂ. ಬ್ಯಾಗ್ ಕೆಳಗಿಟ್ಟೆ, ಅಷ್ಟೇ."

ಉತ್ತರ ಫೋನಿನಲ್ಲೂ ಬಂತು, ಬೆನ್ನ ಹಿಂದಿನಿಂದಲೂ ಬಂತು. ತಿರುಗಿದರೆ ಬಾಗಿಲ ಬಳಿ ಅವನು. ಸೆನ್ಸರಿನ ಪಕ್ಕದಲ್ಲೇ ಅವನ ಭಾರದ ಬ್ಯಾಗು. ನಗು ಬರದಂತೆ ತುಟಿ ಕಚ್ಚಿಕೊಂಡಿದ್ದ, ಆದರೆ ಕಣ್ಣು ಅವನ ಮಾತು ಕೇಳುತ್ತಿರಲಿಲ್ಲ.

ಕೆಲಸಗಾರರು ನನ್ನನ್ನು ಮೀಟರಮ್ಮ ಎನ್ನುತ್ತಿದ್ದರು, ಅವನನ್ನು ಠುಸ್ ಪಟಾಕಿ. ಅವನ ಸ್ಫೋಟಕ್ಕೆ ಸದ್ದೇ ಕಡಿಮೆ. ಬಂಡೆಯಲ್ಲಿ ಕೊರೆದ ಎಲ್ಲ ಕುಳಿಗಳ ಮದ್ದನ್ನೂ ಒಟ್ಟಿಗೆ ಸಿಡಿಸಿದರೆ ಊರೇ ನಡುಗುತ್ತದೆ. ಅವನು ಕಣ್ಣು ಮಿಟುಕಿಸುವಷ್ಟು ಅಂತರ ಬಿಟ್ಟು ಒಂದರ ಹಿಂದೆ ಒಂದನ್ನು ಸಿಡಿಸುತ್ತಿದ್ದ. ಪ್ರತಿ ಸಲವೂ ಮೊದಲು ಫೋನ್ ಬರುತ್ತಿತ್ತು.

"ಮೀಟರಮ್ಮ, ರೆಡಿನಾ?"

"ರೆಡಿ."

ಮದ್ದು ಸಿಡಿದ ಮೇಲೆ ಇನ್ನೊಂದು ಫೋನ್. "ಎಲ್ಲ ಸರಿನಾ?" ನಾನು ಎಲ್ಲ ಸರಿ ಎನ್ನುವವರೆಗೆ ಅವನು ಕೊನೆಯ ಸೈರನ್ ಕೂಗಿಸುತ್ತಿರಲಿಲ್ಲ, ಯಾರೂ ನಿಂತಲ್ಲಿಂದ ಕದಲುವಂತಿರಲಿಲ್ಲ. ಅದು ಕೆಲಸದ ನಿಯಮ. ನಾನು ಬೇಕೆಂದೇ ಉತ್ತರ ತಡಮಾಡುತ್ತಿದ್ದೆ, ಅವನ ಉಸಿರು ಕೇಳಲಿ ಎಂದು. ಅವನಿಗೆ ಅದು ಗೊತ್ತಿತ್ತು.

ನಮ್ಮ ಮನೆಗೂ ಬಂದ. ಪಾರ್ಶ್ವವಾಯು ಹೊಡೆದ ಅಮ್ಮನನ್ನು ಬೆಳಗ್ಗೆ ಎತ್ತಿ ಕೂರಿಸುವುದರಿಂದ ಹಿಡಿದು ಎಲ್ಲಕ್ಕೂ ನಾನೊಬ್ಬಳೇ. ಬಚ್ಚಲುಮನೆಯಲ್ಲಿ ಅಮ್ಮ ಆಸರೆಗೆ ಹಿಡಿದುಕೊಳ್ಳಲೆಂದು ಗೋಡೆಗೆ ಸ್ಟೀಲ್ ಹಿಡಿ ಕೂರಿಸಿಕೊಟ್ಟ.

"ಬಂಡೆ ಒಡೆಯೋನು, ಒಂದು ತೂತಿಗೆ ಇಷ್ಟು ಹೊತ್ತಾ?" ಅಮ್ಮ ತೊದಲುತ್ತಲೇ ಕಾಲೆಳೆದಳು.

"ಬಂಡೆಗೆ ಬೇಜಾರಾಗಲ್ಲಮ್ಮ. ನಿಮ್ಮ ಗೋಡೆಗೆ ಆಗುತ್ತೆ."

ಅಮ್ಮ ಬಹಳ ದಿನಗಳ ಮೇಲೆ ನಕ್ಕಳು. ನಾನು ಅಡುಗೆಮನೆಗೆ ಹೋಗಿ, ಏನೂ ಕೆಲಸವಿಲ್ಲದೆ, ಸ್ವಲ್ಪ ಹೊತ್ತು ನಿಂತುಬಂದೆ.

ಬಂಡೆ ಮಾತ್ರ ನಮ್ಮ ಕಡೆಗಿರಲಿಲ್ಲ. ಅದರದೊಂದು ಗಟ್ಟಿ ಪದರ ನೇರ ಆಸ್ಪತ್ರೆಯ ಅಡಿಪಾಯದವರೆಗೂ ಹಬ್ಬಿತ್ತು. ಅವನು ಮದ್ದು ಎಷ್ಟು ಕಡಿಮೆ ಮಾಡಿದರೂ ನಡುಕ ಆ ದಾರಿಯಲ್ಲೇ ಬರುತ್ತಿತ್ತು. ಎರಡು ಸಲ ಮಿತಿ ದಾಟಿತು. ಮೂರನೆಯ ಸಲ ದಾಟಿದರೆ ಸ್ಫೋಟ ಕಾಯಂ ಬಂದ್, ಅವನು ಬೇರೆ ಕಡೆಗೆ.

ಮುಂದಿನ ಸ್ಫೋಟದ ದಿನ ಮದ್ದು ಸಿಡಿಸುವುದನ್ನು ಜೊತೆಗಾರನಿಗೆ ಒಪ್ಪಿಸಿ, ನಡುಕವನ್ನು ತಾನೇ ನೋಡಬೇಕೆಂದು ನನ್ನ ಪಕ್ಕದಲ್ಲಿ ಬಂದು ಕೂತ. ನೆಲ ಅದುರಿತು. ಕೆಂಪು ದೀಪ ಹೊತ್ತಿತು. ಮೇಲಿನ ವಾರ್ಡಿನಲ್ಲಿ ಕೂಸುಗಳೆಲ್ಲ ಒಟ್ಟಿಗೆ ಅತ್ತವು.

ದೊಡ್ಡ ಇಂಜಿನಿಯರ್ ಓಡಿಬಂದರು. ಅವರಿಗೆ ಕೆಲಸ ಬೇಗ ಮುಗಿಯಬೇಕು.

"ಇದು ನಿಜವಾದ್ದೋ, ಇಲ್ಲ ಅವತ್ತಿನ ಹಾಗೆ ಇವನ ಬ್ಯಾಗೋ? ಬ್ಯಾಗ್ ಅಂತಂದ್ಬಿಡಮ್ಮ, ನಾಳೆನೂ ಕೆಲಸ ನಡೆಯುತ್ತೆ."

ಒಂದೇ ಮಾತು. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ. ಅವನು ನನ್ನತ್ತ ನೋಡಿದ. ಹೇಳಿಬಿಡುತ್ತೇನೆ ಎಂದು ಅವನಿಗೆ ತಿಳಿದುಹೋಯಿತು.

"ಬ್ಯಾಗ್ ಹೆಗಲ ಮೇಲೇ ಇತ್ತು ಸರ್," ಅಂದ.

ಮರುವಾರ ವಜ್ರದ ಹರಳು ಪೋಣಿಸಿದ ತಂತಿಯ ಗರಗಸ ಬಂತು. ನೀರು ಹಾಯಿಸುತ್ತ, ನಡುಕವೇ ಇಲ್ಲದೆ, ಬೆಣ್ಣೆ ಕೊಯ್ದಂತೆ ಬಂಡೆ ಕೊಯ್ಯತೊಡಗಿತು. ಅವನು ಕೈಕಟ್ಟಿ ಒಂದು ಬದಿಗೆ ನಿಂತು ನೋಡುತ್ತಿದ್ದ. ದೂರದ ಸುರಂಗದ ಕೆಲಸಕ್ಕೆ ಅವನಿಗೆ ಆಗಲೇ ಕರೆ ಬಂದಿತ್ತು.

"ಇರಿ ಅಂದ್ರೆ ಇರ್ತೀನಿ," ಅಂದ. "ಈ ಗರಗಸಕ್ಕೆ ನೀರು ಹಿಡಿದುಕೊಂಡಾದ್ರೂ ಇರ್ತೀನಿ."

"ನೀರು ಹಿಡಿಯೋಕೆ ನಿಮಗೆ ಬರಲ್ಲ," ಅಂದೆ. ನಕ್ಕ. ನಾನೂ ನಕ್ಕೆ. ಬಂಡೆಯ ಮೇಲೆ ಕಿವಿಯಿಟ್ಟು ಅದು ಎಲ್ಲಿ ಒಡೆಯುತ್ತದೆಂದು ಹೇಳುವವನ ಕೈಗೆ ಪೈಪು ಕೊಟ್ಟು ದಿನವೂ ನೋಡುವ ಧೈರ್ಯ ನನಗಿರಲಿಲ್ಲ. ನೀವೂ ಬನ್ನಿ ಎಂದು ಅವನು ಕರೆಯಲಿಲ್ಲ. ಅಮ್ಮನಿಗೆಂದು ಹಿಡಿ ಕೂರಿಸಿದವನಿಗೆ ನಾನೇಕೆ ಬರಲಾರೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ಅವನು ಹೊರಟ ಬೆಳಗ್ಗೆ ನಾನು ಸ್ಟೋರ್ ರೂಮಿನಲ್ಲಿ ಮೀಟರಿನ ಮುಂದೆ ಕೂತಿದ್ದೆ. ಬೀಳ್ಕೊಡಲು ಗೇಟಿನವರೆಗೆ ಹೋಗಲಿಲ್ಲ, ಹೋಗಿದ್ದರೆ ಇರಿ ಎಂದುಬಿಡುತ್ತಿದ್ದೆ. ಫೋನ್ ಬಂತು. ಹಿಂದೆ ಜೀಪಿನ ಸದ್ದು.

"ಮೀಟರಮ್ಮ, ಎಲ್ಲ ಸರಿನಾ?"

ಅವನ ಉಸಿರು ಕೇಳುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದ. ಅವನು ಕಾಯುತ್ತಲೇ ಇದ್ದ. ನಾನು ಹೇಳುವವರೆಗೆ ಅವನು ಕದಲುವುದಿಲ್ಲ, ಅದು ನಿಯಮ.

"ಎಲ್ಲ ಸರಿ," ಅಂದೆ.

ಇಷ್ಟು ವರ್ಷದ ಕೆಲಸದಲ್ಲಿ ನಾನು ಕೊಟ್ಟ ಸುಳ್ಳು ರೀಡಿಂಗ್ ಅದೊಂದೇ. ಜೀಪು ಹೊರಟಿತು.